ಹಳೇ ಕಾರಿಗೆ ಹೊಸ ರೋಟರ್ ಹಾಕಿಸುವ ಮುಂಚೆ ಇದನ್ನು ಓದಿ

ಅಂಬಾಸಡರ್, ಪದ್ಮಿನಿ ಅಥವಾ ಪಾಯಿಂಟ್ (ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಪುಟ್ಟ ಸ್ವಿಚ್) ಇರುವ ಯಾವುದೇ ಹಳೇ ಪೆಟ್ರೋಲ್ ಕಾರು ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಪೂರ್ತಿ ಓದಿ. ದೂರ ಹೊರಡುವ ಮುಂಚೆ ‘ಫುಲ್ ಟ್ಯೂನಿಂಗ್’ ಮಾಡಿಸುವವರಂತೂ ಖಂಡಿತ ಓದಿ.

ನಮ್ಮದು 1489 ಸಿಸಿ ಇಂಜಿನ್ನಿನ ಹಳೇ ಅಂಬಾಸಡರ್. ಮಂಗಳೂರಿನಿಂದ ಹಾಸನಕ್ಕೆ ಹೊರಡಬೇಕಿತ್ತು. ಗ್ಯಾರೇಜಿನವರು ಪಾಯಿಂಟ್, ಕಂಡೆನ್ಸರ್, ರೋಟರ್ (ತಿರುಗುತ್ತಾ ಒಂದೊಂದೇ ಪ್ಲಗ್ಗಿಗೆ ಕರೆಂಟ್ ಹಂಚುವ ತುಂಡು), ಕ್ಯಾಪ್, ಪ್ಲಗ್ ಎಲ್ಲವನ್ನೂ ಒಂದೇ ಸಲಕ್ಕೆ ಬದಲಾಯಿಸಿದರು. ಹಳೇ ಸಾಮಾನು ನಮ್ಮನ್ನು ಕೇಳದೆಯೇ ಕಸಕ್ಕೆ ಹೋಯಿತು. ಉಪ್ಪಿನಂಗಡಿ, ನೆಲ್ಯಾಡಿವರೆಗೂ ಗಾಡಿ ಚೆನ್ನಾಗಿಯೇ ಓಡಿತು. ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಸಿಕ್ಕಿದ್ದೇ ತಡ, ಇಂಜಿನ್ ಬಿಟ್ಟು ಬಿಟ್ಟು ಉರಿಯುವ ಮಿಸ್ಸಿಂಗ್ ಶುರು. ಆಕ್ಸಿಲರೇಟರ್ ಒತ್ತಿದಷ್ಟೂ ಜಗ್ಗುತ್ತಿತ್ತು, ಸೈಲೆನ್ಸರ್ ಒಳಗೆ ಢಂ ಅನ್ನುತ್ತಿತ್ತು. ಹಿಂದೆ ಲಾರಿಗಳ ಸಾಲು, ಗಾಡಿಯಲ್ಲಿ ವಯಸ್ಸಾದ ಅಮ್ಮ. ಆ ತಿರುವುಗಳಲ್ಲಿ ಗಾಡಿ ನಿಂತಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಹೇಗೋ ಮೇಲೆ ಬಂದೆವು. ಮೊದಲು ಸಿಕ್ಕ ಮೆಕ್ಯಾನಿಕ್ ಕಾರ್ಬೊರೇಟರ್ ಬಿಚ್ಚಿ ತೊಳೆದರು. ಮುಂದಿನವರು ಪೆಟ್ರೋಲ್ ಪಂಪ್ ಹೊಸದು ಹಾಕಿದರು. ಇನ್ನೊಬ್ಬರು ವಾಲ್ವ್ ಹೋಗಿದೆ, ಹೆಡ್ ಇಳಿಸಬೇಕು ಅಂದರು. ಒಬ್ಬರೂ ರೋಟರ್, ಪಾಯಿಂಟ್ ಕೂತಿರುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಬಿಚ್ಚಿ ನೋಡಲಿಲ್ಲ. ‘ಅದೆಲ್ಲ ಈಗ ತಾನೇ ಹೊಸದು ಹಾಕಿದ್ದಲ್ವಾ ಸಾರ್’ ಅನ್ನುವುದೇ ಎಲ್ಲರ ಮಾತು.

ಕೊನೆಗೆ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಗಾಡಿ ನೋಡಿದರು. ಕ್ಯಾಪ್ ತೆಗೆದು, ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿದರು. ಅದರ ತುದಿಯನ್ನು ರೋಟರ್‌ನ ಹಿತ್ತಾಳೆ ತಗಡಿಗಿಂತ ಸುಮಾರು 3 ಮಿ.ಮೀ. ಮೇಲೆ ನಿಲ್ಲಿಸಿದರು. ಇಗ್ನಿಷನ್ ಆನ್ ಮಾಡಿ, ಮುಚ್ಚಿಕೊಂಡಿದ್ದ ಪಾಯಿಂಟನ್ನು ಸ್ಕ್ರೂಡ್ರೈವರ್‌ನಿಂದ ಮತ್ತೆ ಮತ್ತೆ ತೆರೆದರು. ಪ್ರತಿ ಸಲವೂ ಜೋರಾದ ನೀಲಿ ಕಿಡಿ ರೋಟರ್ ಮೇಲೆ ಹಾರಿತು. ರೋಟರ್ ಸರಿ ಇದ್ದಿದ್ದರೆ ಹಾಗೆ ಹಾರಬಾರದು. ಹಾರಿತು ಅಂದರೆ ಕರೆಂಟ್ ಪ್ಲಾಸ್ಟಿಕ್ ಮೂಲಕವೇ ಇಳಿದು ಕೆಳಗಿನ ಶಾಫ್ಟಿಗೆ ಅರ್ತ್ ಆಗುತ್ತಿದೆ. ತಮ್ಮ ಡಬ್ಬದಿಂದ ಒಂದು ಹಳೇ ರೋಟರ್ ತೆಗೆದು ಹಾಕಿದರು. ಗಾಡಿ ಸರಿಹೋಯಿತು.

ಕೆಟ್ಟ ರೋಟರ್ ತಿರುಗಿಸಿ ನೋಡಿದರೆ ಕಾರಣ ಕಾಣುತ್ತಿತ್ತು. ಹಿತ್ತಾಳೆ ತಗಡನ್ನು ಹಿಡಿದಿರುವ ರಿವೆಟ್ ಒಳಗೆ ತುಂಬಾ ಆಳಕ್ಕೆ ಇಳಿದಿತ್ತು. ಅದಕ್ಕೂ ಶಾಫ್ಟಿಗೂ ನಡುವೆ ಪ್ಲಾಸ್ಟಿಕ್ ತೀರಾ ತೆಳುವಾಗಿತ್ತು. ಇದು ನಮ್ಮಲ್ಲಿ ಮಾತ್ರ ಇರುವ ತೊಂದರೆಯಲ್ಲ. ಇಂಗ್ಲೆಂಡಿನ ಹಳೇ ಕಾರಿನವರೂ ಇದರಿಂದ ಬೇಸತ್ತಿದ್ದರು. ಹಾಗಾಗಿಯೇ ಅಲ್ಲಿ ರಿವೆಟ್ ಇಲ್ಲದ ಕೆಂಪು ರೋಟರ್ ಮಾಡಿ ಮಾರುತ್ತಾರೆ.

ಹಾಗಾದರೆ ಸಮತಟ್ಟು ರಸ್ತೆಯಲ್ಲಿ ಯಾಕೆ ಗೊತ್ತಾಗಲಿಲ್ಲ? ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗೆ ಮಿಶ್ರಣ ಜಾಸ್ತಿ ತುಂಬುತ್ತದೆ, ಒತ್ತಡವೂ ಏರುತ್ತದೆ. ಆಗ ಪ್ಲಗ್ಗಿನ ಗ್ಯಾಪಿನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಅದಕ್ಕಿಂತ ಸುಲಭದ ದಾರಿ ರೋಟರ್‌ನಲ್ಲೇ ಇದ್ದರೆ ಕರೆಂಟ್ ಅಲ್ಲಿಂದಲೇ ಇಳಿದುಬಿಡುತ್ತದೆ. ಗ್ಯಾರೇಜಿನಲ್ಲಿ ನಿಲ್ಲಿಸಿ ರೇಸ್ ಮಾಡಿ ‘ಸರಿ ಇದೆ’ ಅನ್ನುವವರನ್ನು ನಂಬಬೇಡಿ. ಗಾಡಿಯನ್ನು ಏರಿಗೆ ಹತ್ತಿಸಿ ನೋಡಬೇಕು.

ಮಿಸ್ಸಿಂಗ್ ಹೇಗೆ ಬರುತ್ತದೆ ಅನ್ನುವುದನ್ನೂ ಗಮನಿಸಿ. ಪೆಟ್ರೋಲ್ ಸಾಲದಿದ್ದರೆ ಸಾಮಾನ್ಯವಾಗಿ ಶಕ್ತಿ ನಿಧಾನಕ್ಕೆ ಇಳಿಯುತ್ತದೆ, ಚೋಕ್ ಸ್ವಲ್ಪ ಎಳೆದರೆ ಚೇತರಿಸಿಕೊಳ್ಳುತ್ತದೆ. ಇಗ್ನಿಷನ್ ತೊಂದರೆಯಾದರೆ ಸ್ವಿಚ್ ಆರಿಸಿ ಹಾಕಿದ ಹಾಗೆ ತಟಕ್ಕನೆ ಬಿಟ್ಟು ಬಿಟ್ಟು ಜಗ್ಗುತ್ತದೆ. ಇಂಜಿನ್ ಬಿಸಿಯಾದ ಮೇಲೆ ಮಾತ್ರ ಕಾಣಿಸಿಕೊಂಡರೆ ಕಂಡೆನ್ಸರ್ ಅಥವಾ ಕಾಯಿಲ್ ಮೇಲೆ ಅನುಮಾನ ಇಡಿ. ಸುಮಾರು 0.2 ಮೈಕ್ರೋಫ್ಯಾರಡ್‌ನ ಆ ಪುಟ್ಟ ಕಂಡೆನ್ಸರ್ ಕೆಟ್ಟರೆ ಪಾಯಿಂಟಿನ ಮಧ್ಯೆ ಕಿಡಿ ಜೋರಾಗಿ ಹಾರಿ ಪಾಯಿಂಟಿನ ಮುಖ ಸುಟ್ಟುಹೋಗುತ್ತದೆ. ಪ್ಲಗ್ಗಿಗೆ ಹೋಗುವ ಕಿಡಿ ಸೊರಗುತ್ತದೆ. ಡಿಸ್ಟ್ರಿಬ್ಯೂಟರ್ ಒಳಗಿನ ತೆಳು ವೈರುಗಳನ್ನೂ ಬೆರಳಿನಿಂದ ಅಲ್ಲಾಡಿಸಿ ನೋಡಿ. ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಪ್ಲೇಟ್ ತಿರುಗಿದಾಗಲೆಲ್ಲ ಅವು ಬಾಗುತ್ತವೆ. ಬರ್ತಾ ಬರ್ತಾ ಮೇಲಿನ ಕವಚ ಸರಿ ಇದ್ದರೂ ಒಳಗಿನ ತಂತಿ ತುಂಡಾಗಿರುತ್ತದೆ.

ಗ್ಯಾರೇಜಿಗೆ ಹೋದಾಗ ಒಂದು ಮಾತು ಖಡಕ್ಕಾಗಿ ಹೇಳಿ: ಒಂದು ಪಾರ್ಟ್ ಬದಲಾಯಿಸಿ, ಓಡಿಸಿ ನೋಡಿ, ಆಮೇಲೆ ಇನ್ನೊಂದು. ಓಡುತ್ತಿದ್ದ ಹಳೇ ರೋಟರ್, ಕಂಡೆನ್ಸರ್ ವಾಪಸ್ ಕೇಳಿ ತಗೊಂಡು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಪ್ಯಾಕೆಟ್ಟಿನ ಮೇಲೆ ಹಳೇ ಕಂಪನಿಯ ಹೆಸರಿದೆ ಅಂತ ಸುಮ್ನೆ ನಂಬಬೇಡಿ.

ಮೇಲೆ ಹೇಳಿದ ಕಿಡಿ ಪರೀಕ್ಷೆ ಮಾಡುವಾಗ ಹತ್ತಿರದಲ್ಲಿ ಪೆಟ್ರೋಲ್ ವಾಸನೆ ಇರಲೇಬಾರದು, ಕಾರ್ಬೊರೇಟರ್ ಬಿಚ್ಚಿದ ತಕ್ಷಣವಂತೂ ಬೇಡವೇ ಬೇಡ. ಬರಿಗೈಯಲ್ಲಿ ಆ ವೈರ್ ಮುಟ್ಟಬೇಡಿ. ಪೇಸ್‌ಮೇಕರ್ ಹಾಕಿಸಿಕೊಂಡವರು ದೂರ ನಿಂತು ಬೇರೆಯವರ ಕೈಲಿ ಮಾಡಿಸಿ.