ಆರ್8 ಆನ್ ಮಾಡುವ ಮುನ್ನ: ಕ್ರ್ಯಾಶ್ ಇಲ್ಲದೆ ಡೇಟಾ ಹಾಳಾದ ಬಗೆ

ಬಿಲ್ಡ್ ಪಾಸ್ ಆಗಿದೆ, ಆಪ್ ಗಾತ್ರ ಇಳಿದಿದೆ, ಒಂದೂ ಕ್ರ್ಯಾಶ್ ಇಲ್ಲ. ಆಂಡ್ರಾಯ್ಡ್ ಪ್ರಾಜೆಕ್ಟ್‌ಗೆ ಆರ್8 (ಕೋಡನ್ನು ಕುಗ್ಗಿಸುವ ಟೂಲ್) ಸೇರಿಸಿದವರು ನಿಶ್ಚಿಂತರಾಗುವುದು ಇಲ್ಲೇ. ಈ ಪ್ರಾಜೆಕ್ಟ್ ಕೆಟ್ಟದ್ದೂ ಇಲ್ಲಿಂದಲೇ.

ಮಾಡಿದ್ದು ಸಣ್ಣ ಕೆಲಸ. ರಿಲೀಸ್ ಬಿಲ್ಡ್‌ಗೆ ಮಿನಿಫೈ (ಆರ್8 ಚಾಲೂ ಮಾಡುವ ಸೆಟ್ಟಿಂಗ್) ಆನ್, ಶ್ರಿಂಕ್ ರಿಸೋರ್ಸಸ್ (ಬಳಕೆಯಾಗದ ಚಿತ್ರ ಮುಂತಾದವನ್ನು ತೆಗೆಯುವುದು) ಆನ್, ಜೊತೆಗೆ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ (ಬಿಲ್ಡ್ ಮಾಡುವ ಟೂಲ್) ಕೊಡುವ ಆಪ್ಟಿಮೈಸ್ ರೂಲ್ ಫೈಲ್. ಆರ್8 ಬಳಕೆಯಾಗದ ಕೋಡನ್ನು ಕಿತ್ತುಹಾಕುತ್ತದೆ, ಉಳಿದದ್ದನ್ನು ಆಪ್ಟಿಮೈಸ್ ಮಾಡುತ್ತದೆ, ಕ್ಲಾಸ್ ಮತ್ತು ಫೀಲ್ಡ್‌ಗಳ ಹೆಸರನ್ನು ಎ, ಬಿ, ಸಿ ಎಂದು ಮೊಟಕುಗೊಳಿಸುತ್ತದೆ. ಆಪ್ ಮಾತ್ರ ಬಳಕೆದಾರರ ಪ್ರೊಫೈಲನ್ನು ಜಿಸಾನ್ ಎಂಬ ಲೈಬ್ರರಿಯ ಮೂಲಕ ಜೇಸನ್ (ಕೀಲಿ-ಮೌಲ್ಯ ಜೋಡಿಗಳ ಪಠ್ಯ) ಮಾಡಿ ಫೋನ್‌ನಲ್ಲೇ ಇರುವ ಶೇರ್ಡ್ ಪ್ರಿಫರೆನ್ಸಸ್ ಎಂಬ ಸಂಗ್ರಹದಲ್ಲಿ ಇಡುತ್ತಿತ್ತು. ಜಿಸಾನ್ ಫೀಲ್ಡ್‌ನ ಹೆಸರನ್ನು ಓದುವುದು ರಿಫ್ಲೆಕ್ಷನ್‌ನಿಂದ (ಕೋಡ್ ತನ್ನದೇ ರಚನೆಯನ್ನು ನೋಡುವ ವಿಧಾನ), ಅದೂ ಆಪ್ ಓಡುವಾಗ. ಅಷ್ಟರಲ್ಲಿ ಹೆಸರೇ ಬದಲಾಗಿರುತ್ತದೆ.

ಅಪ್‌ಡೇಟ್ ಪಡೆದ ಫೋನ್‌ನಲ್ಲಿ ಹಳೆಯ ಜೇಸನ್‌ನ ಕೀಲಿ ‘ಮೊಬೈಲ್’. ಹೊಸ ಕೋಡ್ ಹುಡುಕುವುದು ‘ಬಿ’. ಸಿಗಲಿಲ್ಲವೆಂದರೆ ಜಿಸಾನ್ ಎರರ್ ಕೊಡುವುದಿಲ್ಲ, ಸುಮ್ಮನೆ ನಲ್ (ಖಾಲಿ ಮೌಲ್ಯ) ಬಿಟ್ಟುಬಿಡುತ್ತದೆ. ಕಾಟ್ಲಿನ್‌ನಲ್ಲಿ ಫೀಲ್ಡನ್ನು ನಾನ್-ನಲ್ ಎಂದು ಬರೆದಿದ್ದರೂ ಕಾವಲಿಲ್ಲ: ಖಾಲಿ ಕನ್‌ಸ್ಟ್ರಕ್ಟರ್ (ಆರ್ಗ್ಯುಮೆಂಟ್ ಇಲ್ಲದೆ ಆಬ್ಜೆಕ್ಟ್ ಸೃಷ್ಟಿಸುವ ಕೋಡ್) ಇಲ್ಲದಿದ್ದರೆ ಜಿಸಾನ್ ಅನ್‌ಸೇಫ್ (ಕನ್‌ಸ್ಟ್ರಕ್ಟರ್ ಕರೆಯದೆ ಸಾಗುವ ಜಾವಾದ ಒಳದಾರಿ) ಮೂಲಕ ಆಬ್ಜೆಕ್ಟ್ ಸೃಷ್ಟಿಸುವುದರಿಂದ ಆ ತಪಾಸಣೆ ನಡೆಯುವುದೇ ಇಲ್ಲ. ಆಮೇಲೆ ಆಪ್ ಆ ಖಾಲಿ ಪ್ರೊಫೈಲನ್ನು ಹಳೆಯದರ ಮೇಲೆಯೇ ಸೇವ್ ಮಾಡಿತು. ಮೂಲ ಡೇಟಾ ಹೋದದ್ದು ಆ ಕ್ಷಣದಲ್ಲಿ. ಹಳೆಯ ಆವೃತ್ತಿಗೆ ಮರಳಿದರೂ ಬರುವುದಿಲ್ಲ.

ಎರಡನೇ ರಿಲೀಸ್ ಇನ್ನೂ ಕೆಟ್ಟದ್ದು. ಕ್ಲಾಸ್‌ಗೆ ಒಂದು ಫೀಲ್ಡ್ ಸೇರಿದ್ದೇ ತಡ, ಹೆಸರುಗಳ ಹಂಚಿಕೆ ಸರಿಯಿತು. ಹಿಂದಿನ ಬಿಲ್ಡ್‌ನಲ್ಲಿ ‘ಬಿ’ ಎಂದರೆ ಮೊಬೈಲ್, ಈಗ ಇಮೇಲ್. ಎರಡೂ ಸ್ಟ್ರಿಂಗ್ ಆದ್ದರಿಂದ ಜಿಸಾನ್‌ಗೆ ಏನೂ ಅನುಮಾನ ಬರಲಿಲ್ಲ, ಇಮೇಲ್ ಜಾಗದಲ್ಲಿ ಫೋನ್ ನಂಬರ್ ಬಂದು ಕೂತಿತು. ಹೊಸ ಫೀಲ್ಡ್ ಸಂಖ್ಯೆಯಾಗಿದ್ದು, ಹಳೆಯ ಮೌಲ್ಯ ಅಕ್ಷರಗಳ ಸ್ಟ್ರಿಂಗ್ ಆಗಿದ್ದರೆ ಎಕ್ಸೆಪ್ಶನ್ ಆದರೂ ಕಾಣುತ್ತಿತ್ತು.

ಇಂಥ ಸ್ಥಿತಿಯಿಂದ ಹೊರಬರಲು ಬೇಕಾದದ್ದು ಆ ರಿಲೀಸ್‌ನ ಮ್ಯಾಪಿಂಗ್ ಫೈಲ್. ಯಾವ ಹೆಸರು ಯಾವುದಾಯಿತು ಎಂಬ ಪಟ್ಟಿ ಅದರಲ್ಲಿ ಮಾತ್ರ ಇರುತ್ತದೆ. ಔಟ್‌ಪುಟ್ಸ್ ಫೋಲ್ಡರ್‌ನ ಒಳಗಿನ ಮ್ಯಾಪಿಂಗ್ ಫೋಲ್ಡರ್‌ನಲ್ಲಿ ಸಿಗುತ್ತದೆ. ಮುಂದಿನ ರಿಲೀಸ್ ಬಿಲ್ಡ್ ಅದರ ಮೇಲೆಯೇ ಬರೆಯುತ್ತದೆ, ಕ್ಲೀನ್ ಕೊಟ್ಟರೆ ಅಳಿದೇ ಹೋಗುತ್ತದೆ. ಆಪ್ ಬಂಡಲ್ ಆಗಿ ಅಪ್‌ಲೋಡ್ ಮಾಡಿದ್ದರೆ ಪ್ಲೇ ಕನ್ಸೋಲ್‌ನಲ್ಲಿ ಒಂದು ಪ್ರತಿ ಉಳಿದಿರಬಹುದು. ಅದನ್ನೇ ನಂಬಿ ಕೂರದೆ ಪ್ರತಿ ರಿಲೀಸ್ ಟ್ಯಾಗ್‌ನ ಜೊತೆ ಒಂದು ಪ್ರತಿ ಎತ್ತಿಡಿ.

ಫೈಲ್ ಕೈಯಲ್ಲಿದ್ದರೆ ಸೀರಿಯಲೈಸ್ಡ್‌ನೇಮ್ ಅನೊಟೇಶನ್‌ನ (ಫೀಲ್ಡ್‌ಗೆ ಜೇಸನ್ ಕೀಲಿಯನ್ನು ನಿಗದಿ ಮಾಡುವ ಗುರುತು) ಆಲ್ಟರ್ನೇಟ್‌ಗೆ ಹಳೆಯ ಮೊಟಕು ಹೆಸರನ್ನು ಕೊಟ್ಟು ಎರಡೂ ಬಗೆಯ ಜೇಸನ್ ಓದಿಸಬಹುದು. ಆದರೆ ಎರಡು ರಿಲೀಸ್‌ಗಳಲ್ಲಿ ‘ಬಿ’ಗೆ ಎರಡು ಅರ್ಥವಿದ್ದರೆ ಈ ಉಪಾಯ ನಡೆಯದು. ಜೇಸನ್ ಜೊತೆ ಆವೃತ್ತಿ ಸಂಖ್ಯೆ ಬರೆದಿಟ್ಟಿದ್ದರೆ ಅದನ್ನು ನೋಡಿ ಬೇರ್ಪಡಿಸಬಹುದು. ಇಲ್ಲಿ ಬರೆದಿರಲಿಲ್ಲ. ಮೌಲ್ಯದಲ್ಲಿ ‘@’ ಇದೆಯೇ ಎಂದು ನೋಡಿ ಊಹಿಸುವ ಕೋಡ್ ಬರೆಯಬೇಕಾಯಿತು.

ಆರ್8ಗೆ ಮೊದಲೇ ಮಾಡಬೇಕಿದ್ದ ಕೆಲಸ: ಜೇಸನ್ ಆಗುವ ಪ್ರತಿ ಫೀಲ್ಡ್‌ಗೂ ಸೀರಿಯಲೈಸ್ಡ್‌ನೇಮ್ ಹಾಕುವುದು, ಆ ಫೀಲ್ಡ್‌ಗಳು ಉಳಿಯುವಂತೆ ಕೀಪ್ ರೂಲ್ (ಇದನ್ನು ಮುಟ್ಟಬೇಡ ಎಂದು ಆರ್8ಗೆ ಹೇಳುವ ಸಾಲು) ಬರೆಯುವುದು. ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.0ರಿಂದ ಆರ್8ನ ಹೆಚ್ಚು ಕಟ್ಟುನಿಟ್ಟಾದ ಫುಲ್ ಮೋಡ್ ಡಿಫಾಲ್ಟ್. ಅದರಲ್ಲಿ ಕ್ಲಾಸನ್ನು ಕೀಪ್ ಮಾಡಿದ ಮಾತ್ರಕ್ಕೆ ಖಾಲಿ ಕನ್‌ಸ್ಟ್ರಕ್ಟರ್ ಉಳಿಯುವುದಿಲ್ಲ, ರೂಲ್‌ನಲ್ಲಿ ಇನಿಟ್ (ಕನ್‌ಸ್ಟ್ರಕ್ಟರ್‌ನ ಒಳಹೆಸರು) ಕೂಡ ಬರೆಯಬೇಕು. ಪಟ್ಟಿಯಂಥದ್ದನ್ನು ಓದಲು ಜಿಸಾನ್‌ನ ಟೈಪ್‌ಟೋಕನ್ ಬಳಸಿದ್ದರೆ ಜೆನೆರಿಕ್ ಸಿಗ್ನೇಚರ್ (ಪಟ್ಟಿಯೊಳಗೆ ಯಾವ ಟೈಪ್ ಇದೆ ಎಂಬ ಮಾಹಿತಿ) ಕೂಡ ಉಳಿಯಬೇಕು. ‘ಅಬ್ಸ್ಟ್ರಾಕ್ಟ್ ಕ್ಲಾಸ್ ಇನ್‌ಸ್ಟಾನ್ಶಿಯೇಟ್ ಆಗದು’ ಎಂದು ಜಿಸಾನ್ ಹೇಳಿದರೆ ಕಾರಣ ಹೆಚ್ಚಾಗಿ ಇದೇ ಜಾತಿಯದು: ಆ ಕ್ಲಾಸಿನ ಆಬ್ಜೆಕ್ಟನ್ನು ಯಾರೂ ಸೃಷ್ಟಿಸುತ್ತಿಲ್ಲವೆಂದು ಆರ್8 ತಾನೇ ಅದನ್ನು ಅಬ್ಸ್ಟ್ರಾಕ್ಟ್ ಮಾಡಿರುತ್ತದೆ. ಇಡೀ ಆಪ್ ಪ್ಯಾಕೇಜನ್ನೇ ಕೀಪ್ ಮಾಡುವವರೂ ಇದ್ದಾರೆ. ಹಾಗೆ ಮಾಡುವುದಾದರೆ ಆರ್8 ಯಾಕೆ ಬೇಕು?

ಬಿಲ್ಡ್ ‘ಮಿಸ್ಸಿಂಗ್ ಕ್ಲಾಸ್’ ಎಂದು ನಿಂತಾಗ ಡೋಂಟ್‌ವಾರ್ನ್ (ಎಚ್ಚರಿಸಬೇಡ ಎಂಬ ರೂಲ್)ಗೆ ‘ಎಲ್ಲವೂ’ ಎಂಬ ಅರ್ಥದ ನಕ್ಷತ್ರ ಹಾಕಿ ಬಾಯಿ ಮುಚ್ಚಿಸಬೇಡಿ. ನಿಜವಾಗಿ ಬೇಕಾದ ಕ್ಲಾಸ್ ಇಲ್ಲದಿದ್ದರೂ ಬಿಲ್ಡ್ ಮುಗಿಯುತ್ತದೆ, ಆಪ್ ಮಾತ್ರ ಬಳಕೆದಾರರ ಕೈಯಲ್ಲಿ ಕ್ರ್ಯಾಶ್ ಆಗುತ್ತದೆ. ಮ್ಯಾಪಿಂಗ್ ಫೋಲ್ಡರ್‌ನಲ್ಲೇ ಮಿಸ್ಸಿಂಗ್ ರೂಲ್ಸ್ ಫೈಲ್ ಇರುತ್ತದೆ, ಒಂದೊಂದು ಸಾಲಾಗಿ ಓದಿ ಬೇಕಾದದ್ದನ್ನಷ್ಟೇ ಸೇರಿಸಿ.

ದೋಷ ಎಲ್ಲಿಂದ ಬಂತು ಎಂದು ತಿಳಿಯಲು ಮೊದಲು ಡೋಂಟ್‌ಆಬ್‌ಫಸ್ಕೇಟ್ (ಹೆಸರು ಬದಲಿಸಬೇಡ ಎಂಬ ರೂಲ್) ಹಾಕಿ ನೋಡಿ. ಸರಿಹೋದರೆ ಹೆಸರು ಬದಲಾದದ್ದೇ ಕಾರಣ. ಹೋಗದಿದ್ದರೆ ಡೋಂಟ್‌ಆಪ್ಟಿಮೈಸ್, ಆಮೇಲೆ ಡೋಂಟ್‌ಶ್ರಿಂಕ್. ಡೀಬಗ್ ಬಿಲ್ಡ್‌ನಲ್ಲಿ ಮಿನಿಫೈ ಸಾಮಾನ್ಯವಾಗಿ ಆಫ್ ಇರುವುದರಿಂದ ಈ ತಪ್ಪು ಅಲ್ಲಿ ತಲೆ ಹಾಕುವುದೇ ಇಲ್ಲ. ರಿಲೀಸನ್ನೇ ನಕಲು ಮಾಡಿ, ಡೀಬಗ್ ಕೀಯಿಂದ ಸೈನ್ ಆಗುವ ಪ್ರತ್ಯೇಕ ಬಿಲ್ಡ್ ಟೈಪ್ ಒಂದನ್ನು ಇಟ್ಟುಕೊಳ್ಳಿ. ಅದೇ ಟೈಪ್‌ನಲ್ಲಿ ಬಿಲ್ಡ್ ಮಾಡಿದ ಹಿಂದಿನ ಆವೃತ್ತಿಯನ್ನು ಫೋನ್‌ಗೆ ಹಾಕಿ, ಲಾಗಿನ್ ಆಗಿ, ಪ್ರೊಫೈಲ್ ತುಂಬಿ, ಅದರ ಮೇಲೆಯೇ ಎಡಿಬಿಯಿಂದ (ಕಂಪ್ಯೂಟರ್‌ನಿಂದ ಫೋನ್‌ಗೆ ಆಪ್ ಹಾಕುವ ಟೂಲ್) ಹೊಸದನ್ನು ಇನ್‌ಸ್ಟಾಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕಿದರೆ ಆಪ್ ತಾನು ಬರೆದದ್ದನ್ನು ತಾನೇ ಓದುತ್ತದೆ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇಲ್ಲಿನ ಟೆಸ್ಟಿಂಗ್ ನಡೆದದ್ದು ಹಾಗೆಯೇ.