ಮರ್ಲಿನ್ ಬರ್ಡ್ ಐಡಿ ಆಪ್: ಮಳೆ ಬಿಟ್ಟ ಮೇಲೆ ಹಿತ್ತಲಲ್ಲಿ ಕೂತು ಹಕ್ಕಿ ಕೇಳೋರಿಗೆ

ಮೊದ್ಲೇ ಹೇಳ್ಬಿಡ್ತೀನಿ, ಮನೆ ಸುತ್ತ ನಾಲ್ಕು ಮರ, ಒಂದಿಷ್ಟು ಗಿಡಗಂಟಿ ಇರೋರು ಯಾರೇ ಆಗಿದ್ರೂ ಹಕ್ಕಿ ಗುರುತು ಹಿಡಿದು ಹೆಸರು ಹೇಳೋ ಈ ಆಪ್ ಹಾಕ್ಕೊಳ್ಳಿ, ಅದೂ ಈಗ್ಲೇ, ಅಂದ್ರೆ ನವರಾತ್ರಿಯಿಂದ ದೀಪಾವಳಿ ದಾಟಿ ಚಳಿ ಬೀಳೋವರೆಗಿನ ಈ ದಿನಗಳಲ್ಲೇ. ದುಡ್ಡು ಕೊಡೋದೇನಿಲ್ಲ, ಮಧ್ಯೆ ಮಧ್ಯೆ ಜಾಹೀರಾತು ಬರಲ್ಲ, ಪ್ರೀಮಿಯಂ ತಗೊಳ್ಳಿ ಅಂತ ಪೀಡಿಸೋದೂ ಇಲ್ಲ. ನಾನು ಇದನ್ನ ಸಾಗರದ ಕಡೆ ನಮ್ಮನೆ ಅಂಗಳ, ಹಿತ್ತಲು, ಕೆಳಗಿನ ಅಡಿಕೆ ತೋಟ ಇಷ್ಟರಲ್ಲೇ ಬಳಸಿ ಬರೀತಿದೀನಿ, ಕಾಡಿಗೆ ಸಫಾರಿಗೆ ಹೋಗಿ ಅಲ್ಲ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಉಳಿದ ಅರ್ಧ ಯಾಕೆ ಕೊಟ್ಟಿಲ್ಲ ಅಂತ ಮುಂದೆ ಬರತ್ತೆ.

ಈ ಸಮಯದಲ್ಲೇ ಯಾಕೆ ಅಂದ್ರೆ, ಮಲೆನಾಡಲ್ಲಿ ಮಳೆ ಬಿಟ್ಟ ಮೇಲೆ ಎಲ್ಲಾ ಕಡೆ ಹಸಿರು ಕಿಕ್ಕಿರಿದಿರತ್ತೆ, ಬೇಲಿ ಕಾಣಲ್ಲ ಬೇಲಿ ಮೇಲಿನ ಹಂಬು ಕಾಣತ್ತೆ, ಅದ್ರೊಳಗೆ ಹೆಬ್ಬೆರಳು ಗಾತ್ರದ ಹಕ್ಕಿ ಕೂತು ಟಿಕ್ ಟಿಕ್ ಅಂತಿದ್ರೆ ಎಷ್ಟೇ ಒಳ್ಳೆ ಬೈನಾಕ್ಯುಲರ್ ಇದ್ರೂ ಎಲೆ ಬಿಟ್ಟು ಬೇರೇನೂ ಸಿಗಲ್ಲ. ಹಕ್ಕಿ ನೋಡೋ ಆಸೆಯಿಂದ ಶುರು ಮಾಡಿ ಅರ್ಧಕ್ಕೆ ಬಿಟ್ಟೋರು ಬಹಳ ಜನ ಇಲ್ಲೇ ಬಿಡ್ತಾರೆ. ಅದೇ ಟೈಮಲ್ಲೇ ನೋಡಿ ಹಿಮಾಲಯದ ಕಡೆಯಿಂದ, ಅದರಾಚೆಯಿಂದ ವಲಸೆ ಹಕ್ಕಿಗಳು ಬಂದಿಳಿಯೋದು. ಬಂದಿರೋದು ನಮ್ಮ ಹಿತ್ತಲಿಗೇ, ಆದ್ರೆ ಕಣ್ಣಿಗೆ ಬೀಳಲ್ಲ, ಕಿವಿಗೆ ಮಾತ್ರ ಬೀಳತ್ತೆ. ಈ ಆಪಿನ ಸೌಂಡ್ ಐಡಿ, ಅಂದ್ರೆ ಕೂಗು ಕೇಳಿ ಹಕ್ಕಿ ಹೆಸರು ಹೇಳೋ ಸೌಲಭ್ಯ, ಸರಿಯಾಗಿ ಆ ಜಾಗದಲ್ಲೇ ಕೈ ಹಿಡಿಯತ್ತೆ.

ಇದನ್ನ ಮಾಡಿರೋದು ಅಮೆರಿಕದ ಕಾರ್ನೆಲ್ ಲ್ಯಾಬ್ ಆಫ್ ಆರ್ನಿಥಾಲಜಿಯೋರು. 2014ರಲ್ಲಿ ಆಪ್ ಬಂತು, ಸದ್ದು ಕೇಳಿ ಹೆಸರು ಹೇಳೋದು 2021ರಲ್ಲಿ ಸೇರಿತು, ಶುರುವಲ್ಲಿ ಅಮೆರಿಕ ಕೆನಡಾ ಹಕ್ಕಿಗಳಷ್ಟೇ ಇದ್ವು, ಆಮೇಲೆ ನಮ್ಮ ಹಕ್ಕಿಗಳೂ ಸೇರಿದ್ವು. ಅವರ ಮೆಕಾಲೆ ಲೈಬ್ರರಿ ಅಂತ ದೊಡ್ಡ ಧ್ವನಿ ಸಂಗ್ರಹ ಇದೆ, ಹಕ್ಕಿ ನೋಡೋ ಜನರೇ ರೆಕಾರ್ಡ್ ಮಾಡಿ ಕಳಿಸಿದ್ದು, ಅದನ್ನ ಕೇಳಿಸಿ ಕೇಳಿಸಿ ಇದಕ್ಕೆ ಕಲಿಸಿದಾರೆ. ಫೋನು ಸದ್ದನ್ನ ಒಂದು ಚಿತ್ರ ಮಾಡ್ಕೊಳ್ಳತ್ತೆ, ಸ್ಪೆಕ್ಟ್ರೋಗ್ರಾಮ್ ಅಂತಾರೆ, ಸ್ಕ್ರೀನ್ ಮೇಲೆ ಹರೀತಾ ಹೋಗತ್ತೆ, ಸಣ್ಣ ಕೀರಲು ದನಿ ಮೇಲ್ಗಡೆ ಗೆರೆ, ದಪ್ಪ ದನಿ ಕೆಳಗಡೆ ಗೆರೆ. ಆ ಗೆರೆಗಳ ಆಕಾರ ನೋಡಿ ಇದು ಇಂಥ ಹಕ್ಕಿ ಅಂತ ಹೇಳತ್ತೆ. ನಮ್ಮ ಕಡೆ ಹಕ್ಕಿಗಳ ಮಾಹಿತಿ ಇರೋ ಪ್ಯಾಕ್ ಒಂದ್ಸಲ ಇಳಿಸ್ಕೊಂಡ್ರೆ ನೆಟ್‌ವರ್ಕ್ ಇಲ್ದೇನೂ ಕೆಲಸ ಮಾಡತ್ತೆ, ನಮ್ಮ ಕಡೆ ತೋಟಕ್ಕಿಳಿದ್ರೆ ಸಿಗ್ನಲ್ ಅನ್ನೋದೇ ಇರಲ್ಲವಲ್ಲ, ಹಾಗಾಗಿ ಇದು ನಮಗೆ ಬಹಳ ದೊಡ್ಡ ವಿಷಯ.

ನಾನು ಮಾಡೋದಿಷ್ಟೇ, ಬೆಳಗಾಗ್ತಿದ್ದ ಹಾಗೇ ಫೋನನ್ನ ಜಗಲಿ ಕಟ್ಟೆ ಮೇಲೆ ಮೈಕ್ ತೋಟದ ಕಡೆಗಿರೋ ಹಾಗಿಟ್ಟು ಸೌಂಡ್ ಐಡಿ ಒತ್ತಿ ಕಾಫಿ ಕುಡೀತಾ ಕೂರೋದು. ಮೊದಲು ಬರೋದು ಕುಟ್ರು ಹಕ್ಕಿ, ಆಮೇಲೆ ಪಿಕಳಾರ, ಮಡಿವಾಳ, ಸೂರಕ್ಕಿ, ಹೀಗೆ ಪಟ್ಟಿ ಬೆಳೀತಾ ಹೋಗತ್ತೆ. ಯಾವ ಹಕ್ಕಿ ಮತ್ತೆ ಕೂಗ್ತೋ ಅದರ ಹೆಸರು ಪಟ್ಟಿಯಲ್ಲಿ ಹಳದಿಯಾಗಿ ಮಿನುಗತ್ತೆ. ಈ ಹಳದಿ ಮಿನುಗೋದೇ ನನ್ನ ಪ್ರಕಾರ ಇಡೀ ಆಪಿನ ಜೀವ. ಹತ್ತು ಹಕ್ಕಿ ಒಟ್ಟಿಗೆ ಗಲಾಟೆ ಮಾಡ್ತಿರೋವಾಗ ಈಗ ಕೇಳಿಸ್ತಲ್ಲ ಅದು ಇದು ಅಂತ ಯಾರೋ ಪಕ್ಕದಲ್ಲಿ ಕೂತು ಬೆರಳು ತೋರಿಸಿದ ಹಾಗಾಗತ್ತೆ, ಸ್ವಲ್ಪ ದಿನ ಹೀಗೆ ಕೂತ್ರೆ ಸ್ಕ್ರೀನ್ ನೋಡೋ ಮುಂಚೆ ನಮ್ಮ ಕಿವಿನೇ ಹೇಳೋಕೆ ಶುರು ಮಾಡತ್ತೆ.

ಈಗ ವಲಸೆ ಬಂದೋರ ವಿಷಯ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಎಲ್ಲರಿಗಿಂತ ಮೊದಲು ಬರೋದು ಹಳದಿ ಹೊಟ್ಟೆಯ ಗ್ರೇ ವ್ಯಾಗ್‌ಟೇಲ್, ಮಳೆಗಾಲ ಪೂರ್ತಿ ಮುಗಿಯೋ ಮುಂಚೆನೇ ತೋಟದ ಹಳ್ಳದಲ್ಲಿ ಕಲ್ಲಿಂದ ಕಲ್ಲಿಗೆ ಹಾರ್ತಾ ಬಾಲ ಕುಣಿಸ್ತಿರತ್ತೆ. ನಮ್ಮಮ್ಮ ಇದನ್ನ ಕುಂಡೆಕುಸ್ಕ ಅಂತಾರೆ, “ಕುಂಡೆಕುಸ್ಕ ಬಂತು ಅಂದ್ರೆ ಮಳೆ ಕೈ ಬಿಡ್ತು ಅಂತ ಲೆಕ್ಕ ಕಣೋ” ಅನ್ನೋದು ಅವರ ಪಂಚಾಂಗ, ಅವರಿಗೆ ಯಾವ ಆಪೂ ಬೇಡ. ಇದರದ್ದೇ ಸಂಬಂಧಿ ಇನ್ನೊಂದು ಇದೆ, ಫಾರೆಸ್ಟ್ ವ್ಯಾಗ್‌ಟೇಲ್, ಅದು ಬರೋದು ಚೀನಾ, ಕೊರಿಯಾ, ಪೂರ್ವ ಸೈಬೀರಿಯಾ ಕಡೆಯಿಂದ, ಇಳಿಯೋದು ಪಶ್ಚಿಮ ಘಟ್ಟದ ಕಾಫಿ, ಅಡಿಕೆ ತೋಟಗಳ ನೆರಳಿಗೆ. ಎಲೆ ಉದುರಿದ ನೆಲದ ಮೇಲೆ ನಡೀತಿದ್ರೆ ನೆಲ ಯಾವುದು ಹಕ್ಕಿ ಯಾವುದು ತಿಳಿಯಲ್ಲ. ಆಪು “ಪಿಂಕ್” ಅನ್ನೋ ಒಂದೇ ಒಂದು ಲೋಹದ ಸದ್ದಿಗೆ ಅದರ ಹೆಸರು ತೋರಿಸ್ತು, ನಾನು ಅಲ್ಲೇ ಕದಲದೆ ಕೂತೆ, ಅಡಿಕೆ ಮರದ ಬುಡದಲ್ಲಿ ಒಣಗಿದ ಹಾಳೆ ಪಕ್ಕ ಕಂಡಿತು ನೋಡಿ, ಎದೆ ಮೇಲೆ ಎರಡು ಕಪ್ಪು ಪಟ್ಟೆ, ರೆಕ್ಕೆ ಮೇಲೆ ಬಿಳಿ ಪಟ್ಟೆ, ಬಾಲ ಮಾತ್ರ ಉಳಿದ ಕುಂಡೆಕುಸ್ಕಗಳ ಹಾಗೆ ಮೇಲೆ ಕೆಳಗೆ ಅಲ್ಲ, ಎಡಕ್ಕೆ ಬಲಕ್ಕೆ ಆಡಿಸತ್ತೆ, ಜೊತೆಗೆ ಇಡೀ ಹಿಂಭಾಗನೇ ಹೊಯ್ದಾಡತ್ತೆ. ಅದು ಒಂದು ಎಲೆ ಮಗುಚಿ ಹಾಕಿ ಏನೋ ಹುಳ ಹೆಕ್ಕಿ ಮತ್ತೆ ನಾಲ್ಕು ಹೆಜ್ಜೆ ನಡೆದು ಮತ್ತೆ ಎಲೆ ಮಗುಚೋದು ನೋಡ್ತಾ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಇನ್ನು ಉಲಿಯಕ್ಕಿಗಳು. ಗ್ರೀನಿಷ್ ವಾರ್ಬ್ಲರ್, ಲಾರ್ಜ್ ಬಿಲ್ಡ್ ಲೀಫ್ ವಾರ್ಬ್ಲರ್, ಇವೆರಡೂ ನೋಡೋಕೆ ಹೆಚ್ಚುಕಮ್ಮಿ ಒಂದೇ, ಎಲೆ ಬಣ್ಣದ ಮೈ, ಕಣ್ಣ ಮೇಲೆ ತಿಳಿ ಹುಬ್ಬು, ಹತ್ತು ಗ್ರಾಂ ಆಸುಪಾಸಿನ ತೂಕ, ಒಂದು ಕಡೆ ಒಂದು ಕ್ಷಣ ನಿಲ್ಲಲ್ಲ. ಕೂಗು ಮಾತ್ರ ಬೇರೆ. ಗ್ರೀನಿಷ್ ಸಣ್ಣಗೆ ಚಿಸ್ವೀ ಅನ್ನತ್ತೆ, ಲಾರ್ಜ್ ಬಿಲ್ಡ್ ಗಟ್ಟಿಯಾಗಿ ಎರಡೇ ಸ್ವರ, ಎರಡನೇ ಸ್ವರ ಮೇಲಕ್ಕೆ. ಸ್ಪೆಕ್ಟ್ರೋಗ್ರಾಮಲ್ಲಿ ಆ ಎರಡು ಸ್ವರ ಎರಡು ಪುಟ್ಟ ಗೀಟಾಗಿ ಅಷ್ಟು ಸ್ಪಷ್ಟ ಕಾಣತ್ತೆ, ಒಮ್ಮೆ ನೋಡಿದ್ರೆ ಮರೆಯಲ್ಲ. ಚಳಿಗಾಲದಲ್ಲಿ ಹಾಡೋ ಕಾಲ ಅಲ್ಲದಿದ್ರೂ ಇವು ಯಾಕೆ ದಿನವಿಡೀ ಕೂಗ್ತವೆ ಅಂದ್ರೆ, ಗ್ರೀನಿಷ್ ವಾರ್ಬ್ಲರ್ ಇಲ್ಲಿಗೆ ಬಂದ್ಮೇಲೂ ತನ್ನದೇ ಒಂದು ಜಾಗ ಹಿಡಿದು ಬೇರೆಯವು ಬರದ ಹಾಗೆ ಕಾಯತ್ತೆ, ಮುಂದಿನ ವರ್ಷ ಬದುಕಿದ್ರೆ ಮತ್ತೆ ಅದೇ ಜಾಗಕ್ಕೆ ಬರತ್ತೆ. ನಮ್ಮ ನೇರಳೆ ಮರದ್ದು ಹೋದ ವರ್ಷದ್ದೇ ಇರಬಹುದು ಅನ್ನೋದು ತಿಳಿದ ಮೇಲೆ ಆ ಮರದ ಕೊಂಬೆ ಕಡಿಯೋ ಮಾತು ಬಂದಾಗೆಲ್ಲ ನಾನು ಅಡ್ಡ ನಿಲ್ತೀನಿ.

ನವರಂಗ ಬರೋದೂ ಅಕ್ಟೋಬರ್ ಸುಮಾರಿಗೇ. ಸಂಜೆ ಬೆಳಕು ಇಳಿಯೋವಾಗ, ಬೆಳಗ್ಗೆ ಬೆಳಕು ಬರೋವಾಗ ಎರಡು ಸ್ವರದ ಸಿಳ್ಳೆ ಹಾಕಿ ಸುಮ್ಮನಾಗತ್ತೆ, ಅಷ್ಟರೊಳಗೆ ಆಪ್ ಆನ್ ಮಾಡಿದ್ರೆ ಸಿಕ್ತು. ಇದೊಂದು ಹಕ್ಕಿ ವಿಷಯದಲ್ಲಿ ಊರಲ್ಲಿರೋರು ಬೆಂಗಳೂರು ಮೈಸೂರಲ್ಲಿರೋರು ಎಲ್ಲರೂ ಗಮನಿಸ್ಬೇಕು, ರಾತ್ರಿಯೆಲ್ಲ ಹಾರಿ ಸುಸ್ತಾಗಿ ಕಾಂಪೌಂಡ್ ಒಳಗೆ, ಪೋರ್ಟಿಕೋದಲ್ಲಿ ಬಿದ್ದಿರೋದು ಉಂಟು, ಬಣ್ಣ ಬಣ್ಣದ ಹಕ್ಕಿ ಅಂತ ಪಂಜರಕ್ಕೆ ಹಾಕ್ಬೇಡಿ, ಬೆಕ್ಕು ನಾಯಿ ಸಿಗದ ಹಾಗೆ ಗಾಳಿಯಾಡೋ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿ ಸ್ವಲ್ಪ ಹೊತ್ತು ಬಿಟ್ರೆ ಎಷ್ಟೋ ಸಲ ತಾನೇ ಸುಧಾರಿಸ್ಕೊಳ್ಳತ್ತೆ, ಆಮೇಲೆ ಗಿಡಗಳ ಹತ್ರ ಬಿಡಿ. ಗಾಯ ಆಗಿದ್ರೆ ಅರಣ್ಯ ಇಲಾಖೆಯೋರಿಗೋ ಹಕ್ಕಿ ಆರೈಕೆ ಮಾಡೋರಿಗೋ ತಿಳಿಸಿ.

ಸದ್ದಿಲ್ಲದೆ ಬರೀ ಕಂಡ ಹಕ್ಕಿಗೆ ಇನ್ನೊಂದು ದಾರಿ ಇದೆ, ಆಪು ಪ್ರಶ್ನೆ ಕೇಳತ್ತೆ, ಎಲ್ಲಿ ನೋಡಿದ್ರಿ, ಯಾವತ್ತು, ಎಷ್ಟು ದೊಡ್ಡದು, ಯಾವ ಬಣ್ಣ, ಏನ್ ಮಾಡ್ತಿತ್ತು ಅಂತ. ಇಲ್ಲೊಂದು ಎಚ್ಚರಿಕೆ, ಗಾತ್ರದಲ್ಲಿ ರಾಬಿನ್ ಅಂತ ಇದೆಯಲ್ಲ ಅದು ಅಮೆರಿಕದ ರಾಬಿನ್, ಹೆಚ್ಚುಕಮ್ಮಿ ನಮ್ಮ ಮೈನಾದಷ್ಟು ದೊಡ್ಡದು. ನಮ್ಮ ಮಡಿವಾಳಕ್ಕೂ ಇಂಗ್ಲಿಷಲ್ಲಿ ರಾಬಿನ್ ಅಂತ ಹೆಸರಿರೋದ್ರಿಂದ ಅದರ ಅಳತೆ ಇಟ್ಕೊಂಡ್ರೆ ಉತ್ತರ ತಪ್ಪತ್ತೆ. ಗುಬ್ಬಿ, ಮೈನಾ, ಕಾಗೆ ಅಂತ ಮನಸ್ಸಲ್ಲಿ ಇಟ್ಕೊಳ್ಳಿ, ಸರಿಹೋಗತ್ತೆ. ಫೋಟೋ ಕೊಟ್ರೂ ಹೆಸರು ಹೇಳತ್ತೆ, ಕ್ಯಾಮರಾ ಸ್ಕ್ರೀನನ್ನ ಫೋನಲ್ಲಿ ಫೋಟೋ ಹೊಡೆದು ಕೊಟ್ರೂ ನಡೆಯತ್ತೆ.

ಅರ್ಧ ಅಂಕ ಹಿಡಿದಿದ್ದು ಯಾಕೆ ಅಂದ್ರೆ, ಇದು ಹೇಳಿದ್ದೆಲ್ಲ ನಿಜ ಅಂತ ತಗೊಳ್ಳೋ ಹಾಗಿಲ್ಲ. ಭೀಮರಾಜ ಬೇರೆ ಹಕ್ಕಿಗಳ ಕೂಗನ್ನ ಅಷ್ಟು ಚೆನ್ನಾಗಿ ಅನುಕರಣೆ ಮಾಡತ್ತೆ, ಹದ್ದಿನ ಕೂಗು ಹಾಕಿತು ಅಂದ್ರೆ ಪಟ್ಟಿಗೆ ಹದ್ದು ಸೇರೋ ಸಾಧ್ಯತೆ ಇದೆ, ಮರದ ಮೇಲೆ ನೋಡಿದ್ರೆ ಉದ್ದ ಬಾಲದ ತುದಿಗೆ ಎರಡು ಗರಿ ತೂಗಾಡಿಸ್ಕೊಂಡು ಭೀಮರಾಜ ಕೂತಿರತ್ತೆ. ನಮ್ಮ ತೋಟದ ಕೆಂದಳಿಲು ಕಟಕಟ ಅಂತ ಕಿರುಚೋದು, ಅಳಿಲು ಚಿಕ್ ಚಿಕ್ ಅನ್ನೋದು, ಕಪ್ಪೆ, ಜೀರುಂಡೆ, ಇವೆಲ್ಲ ಈ ಆಪಿನ ಲೆಕ್ಕದಲ್ಲಿಲ್ಲ, ಇದಕ್ಕೆ ಗೊತ್ತಿರೋದು ಹಕ್ಕಿ ಮಾತ್ರ. ಹಾಗಾಗಿ ಹೆಸರು ಪಕ್ಕ ಕೆಂಪು ಚುಕ್ಕೆ ಬಂದ್ರೆ, ಅಂದ್ರೆ ನಿಮ್ಮೂರಲ್ಲಿ ಈ ತಿಂಗಳಲ್ಲಿ ಅಪರೂಪ ಅಂತ ತೋರಿಸಿದ್ರೆ, ಖುಷಿಪಡೋ ಮುಂಚೆ ಎದ್ದು ಹೋಗಿ ಕಣ್ಣಾರೆ ನೋಡಿ. ಲೊಕೇಶನ್ ಆನ್ ಇಟ್ಟಿರಬೇಕು, ಇಲ್ಲಾಂದ್ರೆ ಊರಿಗೆ ತಕ್ಕ ಪಟ್ಟಿ ಸಿಗಲ್ಲ. ಪಂಪ್‌ಸೆಟ್ ಓಡ್ತಿರೋವಾಗ, ಜೋರು ಗಾಳಿಯಲ್ಲಿ ಪ್ರಯೋಜನ ಕಡಿಮೆ.

ಪ್ರಾಣಿಗಳ ವಿಷಯಕ್ಕೆ ಬಂದ್ರೆ ಈ ಕಾಲದಲ್ಲಿ ನೆಲ ನೋಡೋದೇ ಒಳ್ಳೇದು. ಮಣ್ಣು ಇನ್ನೂ ಹಸಿ ಇರತ್ತೆ, ಕಾಡುಕುರಿ ಗೊರಸು, ಮುಂಗುಸಿ ಹೆಜ್ಜೆ ಅಚ್ಚುಕಟ್ಟಾಗಿ ಮೂಡಿರತ್ತೆ. ಕಬ್ಬೆಕ್ಕು ರಾತ್ರಿ ಓಡಾಡಿದ್ದು ಬೆಳಗ್ಗೆ ಬೀಜ ತುಂಬಿದ ಹಿಕ್ಕೆಯಿಂದ ಗೊತ್ತಾಗತ್ತೆ. ಅಡಿಕೆ ಹಣ್ಣಾಗೋಕೆ ಶುರುವಾದ್ರೆ ಬಾವಲಿ ಸಿಪ್ಪೆ ಚೀಪಿ ಬಿಸಾಕಿದ ಅಡಿಕೆ ಮರದಡಿ ಸಿಗತ್ತೆ, ನಮ್ಮ ಕಡೆ ಅದನ್ನ ಹೆಕ್ಕಿ ತರ್ತಾರೆ. ಚಿಟ್ಟೆ, ಹಾವು, ಓತಿ, ಗಿಡ ಇವಕ್ಕೆ ಐನ್ಯಾಚುರಲಿಸ್ಟ್ ಅಂತ ಬೇರೆ ಆಪ್ ಇದೆ, ಅದೂ ಪುಕ್ಕಟೆ, ಹಾವಿನ ಫೋಟೋ ಮಾತ್ರ ದೂರದಿಂದ ತೆಗೀರಿ.

ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಈ ಆಪಲ್ಲಿ ಹಕ್ಕಿಗಳ ಕೂಗೂ ಇದೆ, ಅದನ್ನ ಜೋರಾಗಿ ಹಾಕಿ ಹಕ್ಕಿ ಕರೆಯೋಕೆ ದಯವಿಟ್ಟು ಹೋಗ್ಬೇಡಿ. ತನ್ನ ಜಾಗಕ್ಕೆ ಇನ್ನೊಂದು ನುಗ್ಗಿತು ಅಂತ ಅದು ಗಾಬರಿ ಬಿದ್ದು ತಿನ್ನೋದು ಬಿಟ್ಟು ಓಡಾಡತ್ತೆ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಮೈಯಲ್ಲಿ ಕಸುವಿಲ್ಲದ ಹಕ್ಕಿಗೆ ಅದು ನಿಜವಾದ ಹಿಂಸೆ. ಫೋಟೋಗೋಸ್ಕರ ಸ್ಪೀಕರ್ ಇಟ್ಟು ಹಕ್ಕಿ ಎಳೆಯೋರನ್ನ ನೋಡಿದಾಗ ನನಗೆ ಹೊಟ್ಟೆ ಉರಿಯತ್ತೆ. ಮನೆಯೊಳಗೆ ಇಯರ್‌ಫೋನ್ ಹಾಕ್ಕೊಂಡು ಕೇಳಿ ಕಲೀರಿ, ಅದಕ್ಕೇ ಅದು ಇರೋದು.

ಗುರುತು ಹಿಡಿದ ಹಕ್ಕಿನ ಇದೇ ಕಾರ್ನೆಲ್‌ನೋರ ಇ-ಬರ್ಡ್‌ಗೆ, ಅಂದ್ರೆ ಜನ ತಾವು ಕಂಡ ಹಕ್ಕಿಗಳ ಪಟ್ಟಿ ಸೇರಿಸೋ ಜಾಲತಾಣಕ್ಕೆ ಹಾಕಿದ್ರೆ ಇನ್ನೂ ಒಳ್ಳೇದು, ಆದ್ರೆ ಆಪ್ ಹೇಳಿತು ಅಂತ ಅಲ್ಲ, ನೀವೇ ಕೇಳಿ ನೋಡಿ ಖಾತ್ರಿ ಆದದ್ದನ್ನ ಮಾತ್ರ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯಲ್ಲಿ 942 ಜಾತಿಗಳ ಲೆಕ್ಕ ಹಾಕಿದ್ದು ಹೀಗೆ ಸಾಮಾನ್ಯ ಜನ ಹಾಕಿದ ಮಾಹಿತಿಯಿಂದ್ಲೇ, 30,000ಕ್ಕೂ ಹೆಚ್ಚು ಜನ, 3 ಕೋಟಿಯಷ್ಟು ನಮೂದು. ಅಕ್ಟೋಬರಲ್ಲಿ ಪ್ರಪಂಚದ ತುಂಬಾ ಜನ ಒಂದೇ ದಿನ ಹಕ್ಕಿ ಎಣಿಸೋ ಅಕ್ಟೋಬರ್ ಬಿಗ್ ಡೇ ಅಂತನೂ ಇದೆ, ಜಗಲಿಯಲ್ಲಿ ಕೂತೇ ಸೇರ್ಕೋಬಹುದು. ನಮ್ಮಂಥ ಹಳ್ಳಿಗಳಿಂದ ಪಟ್ಟಿ ಹೋಗೋದು ಪೇಟೆಗಿಂತ ಕಡಿಮೆ, ಹಾಗಾಗಿ ಹಿತ್ತಲ ಒಂದು ಬೆಳಗಿನ ಪಟ್ಟಿಗೂ ಬೆಲೆ ಇದೆ.

ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಸಿಗತ್ತೆ. ಪ್ಯಾಕ್ ದೊಡ್ಡದು, ಫೋನಲ್ಲಿ ಜಾಗ ಮಾಡ್ಕೊಂಡು ವೈಫೈ ಇರೋ ಕಡೆ ಇಳಿಸ್ಕೊಳ್ಳಿ. ದೀಪಾವಳಿಗೆ ಊರಿಗೆ ಬರೋರು ಬೆಂಗಳೂರಲ್ಲೇ ಆ ಕೆಲಸ ಮುಗಿಸಿ ಬಸ್ ಹತ್ತಿ, ಇಲ್ಲಿಗೆ ಬಂದ್ಮೇಲೆ ಡೌನ್‌ಲೋಡ್ ಆಗಲ್ಲ. ರೆಕಾರ್ಡಿಂಗ್ ಫೋನಲ್ಲೇ ಉಳಿಯತ್ತೆ, ಹಕ್ಕಿ ಜೊತೆ ಮನೆಮಂದಿ ಮಾತೂ ಸೇರಿರತ್ತೆ, ಯಾರಿಗಾದ್ರೂ ಕಳಿಸೋ ಮುಂಚೆ ಒಮ್ಮೆ ಪೂರ್ತಿ ಕೇಳಿ, ಬೇಡದ್ದನ್ನ ಅಳಿಸಿ.