ಟ್ಯೂನಿಸ್ ಪೇಟೆಯಲ್ಲಿ ವೆನಿಸ್ಸಿನ ಗಾಜು: ಮೂರು ನಾಟಕಗಳ ಒಂದು ಸಂಪುಟ

ಡೇನಿಯಲ್ ವಿಟ್ಕಸ್ ಅವರು ಸಂಪಾದಿಸಿ, ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕಾಶನವು 2000ದಲ್ಲಿ ಹೊರತಂದ ‘ಥ್ರೀ ಟರ್ಕ್ ಪ್ಲೇಸ್ ಫ್ರಮ್ ಅರ್ಲಿ ಮಾಡರ್ನ್ ಇಂಗ್ಲೆಂಡ್’ ಸಂಪುಟದಲ್ಲಿ, ಟರ್ಕರ ಹಾಗೂ ಮುಸ್ಲಿಮರ ಲೋಕವನ್ನು ರಂಗಕ್ಕೆ ತಂದ ಮೂರು ಹಳೆಯ ಇಂಗ್ಲಿಷ್ ನಾಟಕಗಳಾದ 1594ರಲ್ಲಿ ಅಚ್ಚಾದ ‘ಸೆಲಿಮಸ್’, 1612ರಲ್ಲಿ ಅಚ್ಚಾದ ರಾಬರ್ಟ್ ಡಾಬೋರ್ನನ ‘ಎ ಕ್ರಿಶ್ಚಿಯನ್ ಟರ್ನ್ಡ್ ಟರ್ಕ್’ ಹಾಗೂ 1624ರಲ್ಲಿ ಪ್ರದರ್ಶನದ ಪರವಾನಗಿ ಪಡೆದ ಫಿಲಿಪ್ ಮ್ಯಾಸಿಂಜರನ ‘ದ ರೆನೆಗೇಡೋ’ ಇವೆ. ಕಾಗುಣಿತವನ್ನು ಇಂದಿನ ರೂಢಿಗೆ ತಂದಿರುವುದರಿಂದ, ಇಂಗ್ಲಿಷ್ ಸಾಹಿತ್ಯದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಹೆಚ್ಚು ತಡವರಿಸದೆ ಓದಬಹುದು.

ಪೀಠಿಕೆಯೇ ಪುಸ್ತಕದ ಬೆಲೆಗೆ ಸಾಕು. ಇಂಗ್ಲೆಂಡ್ ಆಗ ಸಾಮ್ರಾಜ್ಯವಾಗಿರಲಿಲ್ಲ. 1581ರಲ್ಲಿ ಸನ್ನದು ಪಡೆದ ವರ್ತಕರ ಸಂಘದ ಮೂಲಕ ಟರ್ಕಿಯ ಆಟೊಮನ್ ಸುಲ್ತಾನನ ಬಂದರುಗಳಲ್ಲಿ ವ್ಯಾಪಾರಕ್ಕೆ ಅನುಮತಿ ಬೇಡುತ್ತಿದ್ದ ಸಣ್ಣ ರಾಜ್ಯವಾಗಿತ್ತು. ಉತ್ತರ ಆಫ್ರಿಕದ ಕಡಲ್ಗಳ್ಳರು ಹಿಡಿದೊಯ್ದ ನಾವಿಕರಲ್ಲಿ ಹಲವರು ಇಸ್ಲಾಮಿಗೆ ಮತಾಂತರಗೊಂಡದ್ದೂ ಉಂಟು. ಈ ನಾಟಕಗಳ ಅಬ್ಬರದ ಹಿಂದೆ ಇರುವುದು ಗೆದ್ದವನ ಸೊಕ್ಕಲ್ಲ, ಅಸೂಯೆ ಬೆರೆತ ಭಯ ಎಂಬುದನ್ನು ಗ್ರಹಿಸದೆ ಓದಿದರೆ ಇವು ಬರಿಯ ದ್ವೇಷದ ಬರಹಗಳಾಗಿ ಕಂಡಾವು.

ಡಾಬೋರ್ನನ ನಾಟಕ ಇದಕ್ಕೆ ಒಳ್ಳೆಯ ಸಾಕ್ಷಿ. ಇಂಗ್ಲಿಷ್ ಕಡಲ್ಗಳ್ಳ ಜಾನ್ ವಾರ್ಡ್ ಉತ್ತರ ಆಫ್ರಿಕದ ಬಂದರು ಟ್ಯೂನಿಸಿನಲ್ಲಿ ವೋಡಾ ಎಂಬ ಹೆಣ್ಣಿಗಾಗಿ ಮತ ಬದಲಿಸುತ್ತಾನೆ, ಕೊನೆಗೆ ತನ್ನನ್ನು ತಾನೇ ಇರಿದುಕೊಂಡು ಸಾಯುತ್ತಾನೆ. ಆದರೆ ನಾಟಕ ಅಚ್ಚಾದಾಗ ನಿಜವಾದ ವಾರ್ಡ್ ಟ್ಯೂನಿಸಿನಲ್ಲಿ ಸುಖವಾಗಿಯೇ ಬದುಕಿದ್ದ. 1615ರಲ್ಲಿ ಅಲ್ಲಿಗೆ ಹೋದ ಪ್ರವಾಸಿ ವಿಲಿಯಂ ಲಿತ್‌ಗೋ ಅವನ ಮನೆಯಲ್ಲಿ ಊಟ ಮಾಡಿದ್ದಾನೆ. ಬದುಕು ಕೊಡದ ಶಿಕ್ಷೆಯನ್ನು ರಂಗಮಂಚ ಕೊಟ್ಟಿತು. ಕಲೆಯಾಗಿ ನಾಟಕ ಒರಟು, ದಾಖಲೆಯಾಗಿ ಅಮೂಲ್ಯ.

ನಿಜವಾದ ರುಚಿ ಇರುವುದು ಮ್ಯಾಸಿಂಜರನಲ್ಲಿ. ಅಪಹೃತಳಾದ ತಂಗಿಯನ್ನು ಹುಡುಕಿ ಬಂದ ವೆನಿಸ್ಸಿನ ವಿಟೆಲ್ಲಿ, ವರ್ತಕನ ವೇಷದಲ್ಲಿ ಟ್ಯೂನಿಸಿನ ಪೇಟೆಯಲ್ಲಿ ಅಂಗಡಿ ಇಡುತ್ತಾನೆ; ಅವನ ಆಳು ಗ್ಯಾಜೆಟ್, ವೆನಿಸ್ಸಿನ ವೇಶ್ಯೆಯರ ಚಿತ್ರಗಳನ್ನು ಯುರೋಪಿನ ರಾಣಿವಾಸದವರದೆಂದು ಆಣೆಯಿಟ್ಟು ಮಾರಲು ಸಿದ್ಧನಾಗುತ್ತಾನೆ. ಸುಲ್ತಾನನ ಒಡಹುಟ್ಟಿದವರ ಮಗಳಾದ ಡೊನೂಸಾ ಅಂಗಡಿಗೆ ಬಂದು, ಮುಸುಕು ಸರಿಸಿ, ಸರಕನ್ನು ಒಡೆದುಹಾಕಿ, ನಷ್ಟ ತುಂಬಿಸಿಕೊಳ್ಳಲು ಅರಮನೆಗೆ ಬಾ ಎಂದು ಹೇಳಿಹೋಗುವ ದೃಶ್ಯದಲ್ಲಿ ವ್ಯಾಪಾರ, ಮೋಹ, ಅಪಾಯ ಮೂರೂ ಒಟ್ಟಿಗೇ ಹೆಣೆದುಕೊಂಡಿವೆ. ಪರನಾಡಿನ ಹೆಣ್ಣು ಕ್ರೈಸ್ತಳಾಗುವ ಅಂತ್ಯ ಪ್ರೇಕ್ಷಕರ ಸಮಾಧಾನಕ್ಕಾಗಿ ಬರೆದದ್ದೇ ಸರಿ. ಆದರೂ, ಟರ್ಕಿಯ ಹೆಂಗಸರಿಗಿರುವ ಕಟ್ಟುಪಾಡನ್ನು ಇಂಗ್ಲೆಂಡಿನ ಹೆಂಗಸರ ಸ್ವಾತಂತ್ರ್ಯದೊಡನೆ ಹೋಲಿಸುವ ಸಂಭಾಷಣೆಯಲ್ಲಿ, ಲಂಡನ್ನಿನವರನ್ನೇ ಕೆಣಕಿರುವುದು ಸ್ಪಷ್ಟ.

ನನ್ನ ತಕರಾರು ‘ಸೆಲಿಮಸ್’ ಆಯ್ಕೆಯ ಬಗ್ಗೆ. 1512ರಲ್ಲಿ ತಂದೆ ಎರಡನೆಯ ಬಾಯಜೀದನನ್ನು ಇಳಿಸಿ ಪಟ್ಟಕ್ಕೇರಿದ ಆಟೊಮನ್ ಸುಲ್ತಾನ ಒಂದನೆಯ ಸೆಲೀಮನ ಕಥೆಯನ್ನು ಅದು ಕಣ್ಣು ಕೀಳುವ, ಕೈ ಕಡಿಯುವ ದೃಶ್ಯಗಳಲ್ಲಿ ಮುಳುಗಿಸುತ್ತದೆ. ಕರ್ನಾಟಕದ ಓದುಗರಿಗೆ ಅದರಲ್ಲಿ ಒಂದು ಕುತೂಹಲವಿದೆ ಎನ್ನುವುದು ಬೇರೆ ಮಾತು: ಪಟ್ಟಕ್ಕಾಗಿ ಸಹೋದರರನ್ನು ಕೊಲ್ಲುವ ಇದೇ ವಂಶದಿಂದ ಬಾಲ್ಯದಲ್ಲಿ ತಪ್ಪಿಸಿಕೊಂಡು ಬಂದವನೇ ಬಿಜಾಪುರದ ಯೂಸುಫ್ ಆದಿಲ್ ಶಾಹ ಎಂಬ ಐತಿಹ್ಯವನ್ನು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಆದರೆ ಉಳಿದೆರಡು ನಾಟಕಗಳು ಟ್ಯೂನಿಸಿನ ಬಂದರಿನಲ್ಲಿ ನಡೆಯುವಾಗ, ಇದು ಪಟ್ಟದ ಕಲಹದೊಳಗೇ ಉಳಿದು ಸಂಪುಟದಿಂದ ದೂರ ನಿಲ್ಲುತ್ತದೆ. ಅದರ ಜಾಗದಲ್ಲಿ, ಇಂಗ್ಲಿಷ್ ಹೆಣ್ಣೊಬ್ಬಳು ಮೊರಾಕೊದ ದೊರೆಯ ಆಸ್ಥಾನಕ್ಕೆ ಹೋಗುವ ಥಾಮಸ್ ಹೇವುಡ್‌ನ ‘ದ ಫೇರ್ ಮೇಡ್ ಆಫ್ ದ ವೆಸ್ಟ್’ ಇದ್ದಿದ್ದರೆ ಹೆಚ್ಚು ಹೊಂದುತ್ತಿತ್ತು. ಕೊಳ್ಳುವವರು ಅಚ್ಚಾದ ಕ್ರಮವನ್ನು ಬಿಟ್ಟು, ಪೀಠಿಕೆಯ ನಂತರ ನೇರವಾಗಿ ಮ್ಯಾಸಿಂಜರನಿಂದಲೇ ಓದು ಆರಂಭಿಸಬಹುದು.